ಸಮೀಕ್ಷಾಳ ಲ್ಯಾಪ್‌ಟಾಪಿಗೆ ಒಂದು ಟೆರಾಬೈಟ್

ಜುಲೈ 29, ಲೋಕಲ್ ಟ್ರೈನಿನಲ್ಲಿ

ಸಮೀಕ್ಷಾ ಬರುತ್ತಾಳೆ, ಇಲ್ಲೇ ಇರುತ್ತಾಳೆ, ಮನೆಯಿಂದಲೇ ಕೆಲಸ ಮಾಡುತ್ತಾಳೆ — ಅವಳ ಆರ್ಕಿಟೆಕ್ಟ್ ಸರ್ ಒಪ್ಪಿಬಿಟ್ಟರು! ಫ್ಯಾಕ್ಟರಿ ಕೆಲಸ ಮುಗಿಸಿ ಅಂಬತ್ತೂರಿನಿಂದ ನಿಂತುಕೊಂಡೇ ಬರುತ್ತಿದ್ದೇನೆ, ಕಾಲು ಸತ್ತುಹೋಗಿದೆ. ಆದರೂ ಪಕ್ಕದವರನ್ನು ತಬ್ಬಿಕೊಳ್ಳೋಣ ಅನಿಸುತ್ತಿದೆ. ಜೂನಿನಲ್ಲಿ ಮದುವೆ. ಜುಲೈಯಲ್ಲಿ ಆಟಿ ತಿಂಗಳು ಬಂತು, ಹೊಸ ಮದುಮಗಳು ತವರಿಗೆ ಹೋಗಬೇಕೆಂಬ ಶಾಸ್ತ್ರವೂ ಬಂತು. ಮಂಗಳೂರಿನಲ್ಲಿ ಕೂತಿದ್ದಾಳೆ, ನನ್ನ ಹೆಂಡತಿ!

ಸರ್ ಅವರದು ಒಂದೇ ಕಂಡೀಶನ್. ಇಲ್ಲಿ ಬಿಟ್ಟುಹೋದ ಅವಳ ಲ್ಯಾಪ್‌ಟಾಪ್ ಆಗಸ್ಟ್ ಹದಿನೈದರೊಳಗೆ ರೆಡಿ ಇರಬೇಕು. ಡ್ರೈವ್ ತುಂಬಿ ತುಳುಕುತ್ತಿದೆ, ಸರ್ ಕಳಿಸುವ ದೊಡ್ಡ ಡ್ರಾಯಿಂಗುಗಳು ತೆರೆಯುವುದೇ ಇಲ್ಲ. ಆಗದಿದ್ದರೆ ದೀಪಾವಳಿವರೆಗೂ ಅವಳು ಅಲ್ಲೇ, ಸರ್ ಆಫೀಸಿನಲ್ಲೇ.

"ಒಂದು ಗಂಟೆ ಕೆಲಸ" ಎಂದೆ ಫೋನಿನಲ್ಲಿ.

"ಫ್ಯಾನ್ ಬಿಚ್ಚಿದಾಗಲೂ ಹಾಗೇ ಹೇಳಿದ್ದಲ್ಲ ಮಾರಾಯ!"

ಆಗಸ್ಟ್ 2, ಶನಿವಾರ

ಕಂಪ್ಯೂಟರ್ ಸಾಮಾನಿನ ರಿಚ್ಚಿ ಸ್ಟ್ರೀಟಿನಿಂದ ಒಂದು ಟೆರಾಬೈಟಿನ ಹೊಸ ಡ್ರೈವ್, ಎಸ್‌ಎಸ್‌ಡಿ, ತಂದೆ. ಚ್ಯೂಯಿಂಗ್ ಗಮ್ ಪಟ್ಟಿಯಷ್ಟೇ ಇದೆ, ಒಂದು ತುದಿಗೆ, ಲ್ಯಾಪ್‌ಟಾಪಿಗೆ ಚುಚ್ಚುವ ಕಡೆ, ಚಿನ್ನದ ಹಲ್ಲು. ಎಷ್ಟು ಕ್ಯೂಟ್! ಪ್ಯಾಕೆಟ್ ಬಿಚ್ಚಿ ಫೋಟೋ ತೆಗೆದು ಅವಳಿಗೆ ಕಳಿಸಿದೆ. ಅಷ್ಟರಲ್ಲಿ ಫ್ಯಾಕ್ಟರಿಯಿಂದ ಫೋನ್ — ಮಶೀನ್ ನಿಂತಿದೆ, ಬಾ. ಎಲ್ಲವನ್ನೂ ಮೇಜಿನ ಮೇಲೆ ಬಿಟ್ಟು ಓಡಿದೆ. ಬಂದವನು ಶೂ ಹಾಕಿಕೊಂಡೇ ಮಲಗಿಬಿಟ್ಟಿದ್ದೆ...

ಆಗಸ್ಟ್ 3

ಹಳೆಯ ಡ್ರೈವಿನಲ್ಲಿರುವುದನ್ನೆಲ್ಲ, ವಿಂಡೋಸ್ ಸಹಿತ, ಹೊಸದಕ್ಕೆ ಕಾಪಿ ಮಾಡಬೇಕು. ಆಮೇಲೆ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬೇಕು. ಇಷ್ಟೇ. ಆದರೆ ಹೊಸದನ್ನು ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡಬ್ಬಿಯಲ್ಲಿಟ್ಟು ಚುಚ್ಚಿದರೆ — ಏನೂ ಇಲ್ಲ. ಲ್ಯಾಪ್‌ಟಾಪಿಗೆ ಅದು ಕಾಣಿಸುತ್ತಲೇ ಇಲ್ಲ.

ಆಗಸ್ಟ್ 8

ದಿನವೂ ಕೆಲಸ ಮುಗಿಸಿ ಬಂದು ಇದೇ. ಕಣ್ಣು ಉರಿ, ಬೆನ್ನು ನೋವು. ಫ್ಯಾಕ್ಟರಿಯ ಮೋಹನ್ ತನ್ನ ಡ್ರೈವ್ ಕೊಟ್ಟ; ಅದೇ ಡಬ್ಬಿಯಲ್ಲಿ ಅದು ಕಾಣಿಸಿತು. ಅಂದರೆ ನನ್ನದೇ ಸತ್ತಿದೆ. ಅಂಗಡಿಯವನು ಹೇಳಿಬಿಟ್ಟ: "ಪಿರಿಚ್ಚಿಟ್ಟೀಂಗ ಸರ್, ಮಾತ್ತ ಮುಡಿಯಾದು." ಬಿಚ್ಚಿದ್ದನ್ನು ಬದಲಿಸುವುದಿಲ್ಲ. ಅದನ್ನು ತಯಾರಿಸಿದ ಕಂಪನಿಗೆ ಕಳಿಸಿದರೆ ವಾರಗಟ್ಟಲೆ. ಹದಿನೈದು ದಾಟಿಹೋಗುತ್ತದೆ.

"ಆಯ್ತಾ?" ಎಂದು ಸಮೀಕ್ಷಾ ಫೋನಿನಲ್ಲಿ ಕೇಳಿದಳು.

"ಆಗ್ತಾ ಉಂಟು" ಎಂದೆ.

ಆಗಸ್ಟ್ 10, ಬೆಳಿಗ್ಗೆ

ಕಂಪನಿಗೆ ಕಳಿಸಲೆಂದು ಕವರಿಗೆ ಹಾಕುತ್ತಿದ್ದೆ. ಘಮ್ಮೆಂದಿತು. ಮೂಗಿನ ಹತ್ತಿರ ಹಿಡಿದೆ — ಶ್ರೀಗಂಧ! ಕಿಟಕಿಯ ಬೆಳಕಿಗೆ ಒಡ್ಡಿದರೆ ಚಿನ್ನದ ಹಲ್ಲುಗಳ ಮೇಲೆ ತೆಳುವಾಗಿ ಒಣಗಿದ ಪೊರೆ.

ಮನೆಯಲ್ಲಿ ಗಂಧ ತೇಯುವವರು ಒಬ್ಬರೇ — ಸುಗುಣತ್ತೆ, ಅಪ್ಪನ ತಂಗಿ. ಈ ಕ್ರೋಂಪೇಟೆಯ ಮನೆ ಅವರದು, ನನಗೆ ಅನ್ನ ಹಾಕುವವರೂ ಅವರೇ.

"ಅತ್ತೆ, ಇದಕ್ಕೆ ಏನು ಮಾಡಿದಿರಿ?"

"ಹೊಸ ಸಾಮಾನನ್ನು ದೇವರ ಎದುರು ಇಡದೆ ಉಪಯೋಗಿಸುವುದುಂಟಾ? ನೀನಂತೂ ಬಿಟ್ಟು ಓಡಿದಿ. ಒಂದು ಬೊಟ್ಟು ಗಂಧ ಇಟ್ಟೆ, ಆ ಬಂಗಾರದ ಕಡೆಗೆ."

"ಅಲ್ಲಿಗೇ ಇಡಬೇಕಿತ್ತಾ?!"

"ಮತ್ತೆ ಒರೆಸಿದೆನಲ್ಲ, ಸೆರಗಿನಲ್ಲಿ."

ಕೂಗಾಡಿಬಿಟ್ಟೆ. ವಾರದ ಆಯಾಸವೆಲ್ಲ ಅವರ ಮೇಲೆ. ಅತ್ತೆ ಮೆಲ್ಲಗೆ, "ಆ ಹುಡುಗಿ ಬೇಗ ಬರಲಿ ಅಂತ ಇಟ್ಟದ್ದು" ಎಂದು ಒಳಗೆ ಹೋದರು.

ರಬ್ಬರಿನಿಂದ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿದೆ. ಚುಚ್ಚಿದೆ. ಕಾಣಿಸಿತು!! ಕುಣಿಯಲು ಎದ್ದೆ... ಅಡುಗೆಮನೆಯಲ್ಲಿ ಸದ್ದೇ ಇಲ್ಲ. ಮತ್ತೆ ಕೂತೆ.

ಅದೇ ದಿನ, ಸಂಜೆ

ಫೋನಿನಲ್ಲಿ ಗಂಧದ ಕತೆ ಕೇಳಿ ಸಮೀಕ್ಷಾ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ —

"ಅತ್ತೆಗೆ ಬೈದೆಯಾ?"

"ಸ್ವಲ್ಪ."

"ನಾನು ಬರುವುದು ನಿನ್ನೊಬ್ಬನ ಹತ್ತಿರವಾ? ಹಗಲಿಡೀ ಆ ಮನೆಯಲ್ಲಿ ನಾನೂ ಅತ್ತೆಯೂ. ಹೋಗು, ಮೊದಲು ಅದನ್ನು ಸರಿ ಮಾಡು."

ಆಗಸ್ಟ್ 13

ಕಾಪಿ ಮುಗಿಯಿತು. ಹೊಸ ಡ್ರೈವ್ ಕೂರಿಸಿ ಸ್ಕ್ರೂ ಬಿಗಿದೆ. ಅತ್ತೆಯನ್ನು ಕರೆದೆ.

"ಬಟನ್ ನೀವೇ ಒತ್ತಿ."

"ನಾನು ಮುಟ್ಟುವುದಿಲ್ಲಪ್ಪ. ಹಾಳಾದರೆ ಮತ್ತೆ ನನ್ನ ತಲೆಗೇ ಕಟ್ತೀ."

"ತಪ್ಪಾಯ್ತು ಅತ್ತೆ. ಒತ್ತಿ."

ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ನನ್ನ ಮುಖ ನೋಡಿ, ಒತ್ತಿದರು. ಪರದೆ ಬೆಳಗಿತು. ವಿಂಡೋಸ್ ಬಂತು. ಸರ್ ಅವರ ಆ ದೈತ್ಯ ಡ್ರಾಯಿಂಗ್ ಕ್ಲಿಕ್ ಮಾಡಿದ ಕೂಡಲೇ ತೆರೆಯಿತು. ವಿಡಿಯೋ ಕಾಲಿನಲ್ಲಿ ಸಮೀಕ್ಷಾ ಕಿರುಚಿದಳು. ಅತ್ತೆ ಅವಳಿಗೆ ಹೇಳಿದರು: "ಗಂಧ ಇಟ್ಟದ್ದು ವೇಸ್ಟ್ ಆಗಲಿಲ್ಲ ನೋಡು!" ನಾನು ಸ್ಕ್ರೂಡ್ರೈವರ್ ಎತ್ತಿಟ್ಟೆ.

ಆಗಸ್ಟ್ 16

ಸರ್ ಓಕೆ ಎಂದರು. ಆಟಿ ಇವತ್ತಿಗೆ ಮುಗಿಯಿತು. ಮೈಯಲ್ಲಿ ಒಂದಿಷ್ಟೂ ಶಕ್ತಿಯಿಲ್ಲ, ಬರೆಯುತ್ತ ಬರೆಯುತ್ತ ಕಣ್ಣು ಮುಚ್ಚುತ್ತಿದೆ. ಈಗಷ್ಟೇ ಸಮೀಕ್ಷಾಳ ಮೆಸೇಜ್ — ಟಿಕೆಟ್ ಕನ್ಫರ್ಮ್. ಮಂಗಳವಾರ ಬೆಳಿಗ್ಗೆ ಬಂದಿಳಿಯುತ್ತಾಳೆ, ಇಲ್ಲಿನ ಸೆಂಟ್ರಲ್, ಮಂಗಳೂರು ಮೇಲ್ —