ಬಾಣಂತಿ ಸೀಲ್ ಏನು ತಿಂದಿತ್ತು

ಆಗಸ್ಟ್ 4, ಸೋಮವಾರ. ಕೊಟ್ಟೂರು

ಎಣ್ಣೆ-ನೀರು ಆಯ್ತು. ಅವ್ವ ಕೂಸಿಗೆ ಲೋಬಾನದ ಹೊಗೆ ಹಾಕಿ ಮಲಗಿಸಿದ್ಲು. ನನಗೂ ಹಾಕಿದ್ಲು. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಮಂಚದ ಕೆಳಗೆ ಕೆಂಡ... ಈ ಅವತಾರದಲ್ಲೇ ಲ್ಯಾಪ್‌ಟಾಪ್ ತೆಗೆದೆ.

ಗೋವಾದ ಲ್ಯಾಬಿನಿಂದ ನಮ್ಮ ಸರ್ ಮೇಲ್. ಪೇಪರ್ ರಿಜೆಕ್ಟ್ ಆಗಿಲ್ಲ. ಆದ್ರೆ ರಿವ್ಯೂವರ್ ಒಂದು ಪ್ರಶ್ನೆ ಕೇಳಿದ್ದಾರೆ. "ರಜೆಯಲ್ಲಿದ್ದೀರಿ, ಆದ್ರೂ ಒಮ್ಮೆ ನೋಡಿ ಕೀರ್ತನಾ." ನೋಡಲೇಬೇಕು. ಆ ಡೇಟಾ ನನ್ನದೇ.

ಅಂಟಾರ್ಕ್ಟಿಕಾದಿಂದ ತಂದ ಸೀಲ್ ಮೀಸೆ. ವೆಡೆಲ್ ಸೀಲ್ ಅನ್ನೋ ಕಡಲ ಪ್ರಾಣಿ, ಎಲ್ಲಾ ಹಾಲೂಡಿಸುತ್ತಿದ್ದ ತಾಯಿಗಳು. ಮೀಸೆ ಬೆಳೀತಾ ಬೆಳೀತಾ ಅವು ತಿಂದದ್ದು ಅದರೊಳಗೆ ಸೇರ್ತಾ ಹೋಗುತ್ತೆ. ತುಂಡು ಮಾಡಿ ಭಾರದ ನೈಟ್ರೋಜನ್ ಎಷ್ಟಿದೆ ಅಂತ ನೋಡಿದ್ರೆ ಸಾಕು. ಸಣ್ಣ ಸಿಗಡಿಯಂಥ ಕ್ರಿಲ್ ಮಾತ್ರ ತಿಂದಿದ್ರೆ ಕಮ್ಮಿ. ಕ್ರಿಲ್ ತಿಂದ ಮೀನನ್ನ ತಿಂದಿದ್ರೆ ಜಾಸ್ತಿ. ಆ ಮೀನನ್ನ ನುಂಗಿದ ದೊಡ್ಡ ಮೀನು ತಿಂದಿದ್ರೆ ಇನ್ನೂ ಜಾಸ್ತಿ. ಹಾಲೂಡಿಸೋ ದಿನಗಳಲ್ಲಿ ಏರಿದೆ. ಹಾಗಾಗಿ ದೊಡ್ಡ ಮೀನು ತಿಂದಿವೆ ಅಂತ ಬರೆದೆ.

ರಿವ್ಯೂವರ್ ಕೇಳ್ತಾರೆ — ಉಪವಾಸ ಬಿದ್ದು ಸ್ವಂತ ಮೈ ಕರಗಿಸಿಕೊಂಡ್ರೂ ಹೀಗೇ ಏರುತ್ತಲ್ಲ? ಅವು ಮೀನು ತಿಂದವೋ, ತಮ್ಮನ್ನ ತಾವೇ ತಿಂದುಕೊಂಡವೋ?

ಕೂಸು ಅಳ್ತಿದೆ.

ಆಗಸ್ಟ್ 6

ಅನ್ನ, ಮೆಣಸಿನ ಸಾರು, ತುಪ್ಪ. ನಿನ್ನೆನೂ ಅದೇ. ಬದನೆಕಾಯಿ ಕೂಸಿಗೆ ಆಗಲ್ಲ. ಸೌತೆಕಾಯಿ ಶೀತ. ಮಾಂಸ ಈಗಲೇ ಬೇಡ. ನೀರು ಬಿಸಿದು, ಅದೂ ಲೆಕ್ಕದ್ದು.

ಗೋಡೆ ಆಚೆ ಲಾಲ್ ಬೀ ಮನೆ. ಅವರ ಮಗಳು ಸಲ್ಮಾ ಕೂಡ ಹೆರಿಗೆಗೆ ಬಂದಿದ್ದಾಳೆ, ಹರಪನಹಳ್ಳಿಯಿಂದ. ಗಂಡು ಕೂಸು, ನನ್ನದಕ್ಕಿಂತ ಸ್ವಲ್ಪ ದೊಡ್ಡದು. ಅವಳಿಗೆ ದಿನಾ ಕುರಿ ಕಾಲು ಸೂಪು. ವಾಸನೆ ನಮ್ಮ ಕಿಟಕಿಗೆ ಬರುತ್ತೆ. ಬಾಯಲ್ಲಿ ನೀರು ಬಂದು ನಾಚಿಕೆ ಆಯ್ತು.

ಅವ್ವ ಲ್ಯಾಪ್‌ಟಾಪಿನ ಫೋಟೋ ನೋಡಿದ್ಲು.

"ಏನ್ ಪ್ರಾಣಿ ಇದು? ನಾಯಿ ಕಂಡಂಗ ಐತಿ."

"ಸೀಲ್ ಅಂತಾರವ್ವ. ಸಮುದ್ರದಾಗ ಇರ್ತತಿ. ಬರ್ಫದ ಮ್ಯಾಲೆ ಬಂದು ಮರಿ ಹಾಕ್ತತಿ."

"ಬಾಣಂತಿಗೆ ಯಾರು ಉಣ್ಣಾಕ ಕೊಡ್ತಾರ ಅಲ್ಲಿ?"

"ಯಾರೂ ಕೊಡಂಗಿಲ್ಲ. ಮೈಯಾಗಿನ ಕೊಬ್ಬನ್ನ ಕರಗಿಸಿ ಹಾಲು ಮಾಡ್ತತಿ. ಮರಿ ದಪ್ಪ ಆಕ್ಕೋತ ಹೊಕ್ಕತಿ, ತಾಯಿ ಇಳಕೋತ ಹೊಕ್ಕತಿ."

ಅವ್ವ ಪರದೆ ಮೇಲೆ ಸೀಲಿನ ತಲೆ ಸವರಿದ್ಲು.

"ಪಾಪ. ತೌರುಮನಿ ಇಲ್ಲೇನು ಅದಕ್ಕ?"

ಆಗಸ್ಟ್ 9, ಶನಿವಾರ

ಕೂಸನ್ನ ಡಾಕ್ಟರ್ ಹತ್ತಿರ ತೋರಿಸಿದ್ವಿ. ತಕ್ಕಡಿ ಮೇಲೆ ಇಟ್ಟಾಗ ಕೈಕಾಲು ಎಷ್ಟು ಸಣ್ಣ... ಹುಟ್ಟಿದಾಗಿನ ತೂಕಕ್ಕೇ ಇನ್ನೂ ಬಂದಿಲ್ಲ.

ಡಾಕ್ಟರಮ್ಮ ಬೈಲಿಲ್ಲ. "ಹಾಲು ಸಾಲ್ತಾ ಇಲ್ಲ ಅನ್ಸುತ್ತೆ. ಚೆನ್ನಾಗಿ ಊಟ ಮಾಡ್ರಿ. ಪುಡಿ ಹಾಲೂ ಜೊತೆಗೆ ಕೊಡ್ರಿ" ಅಂದ್ರು. ಬೈದಿದ್ರೆ ಚೆನ್ನಾಗಿತ್ತು.

ಆಟೋದಲ್ಲಿ ಅವ್ವ ಕೂಸಿನ ಪಾದ ಕೈಯಲ್ಲಿ ಮುಚ್ಚಿಕೊಂಡು ಕೂತಿದ್ಲು.

ಬಾಟಲಿ ತಂದ್ವಿ. ಕೂಸು ನಿಪ್ಪಲ್ ನಾಲಿಗೆಯಿಂದ ಹೊರಗೆ ತಳ್ಳುತ್ತೆ. ಮುಖ ಕೆಂಪಗಾಗಿ ಕಿರುಚುತ್ತೆ. ನನ್ನ ಹತ್ತಿರ ತಂದ್ರೆ ಎಳೆದೂ ಎಳೆದೂ ಸುಸ್ತಾಗಿ ಬಿಟ್ಟುಬಿಡುತ್ತೆ.

ನನ್ನ ಗಂಡ ದುರುಗೇಶ್ ಹಡಗಲಿಯಿಂದ ಫೋನ್ ಮಾಡಿದ. ಕಾಲೇಜಿನ ಹುಡುಗರಿಗೆ ಟೆಸ್ಟ್ ಅಂತೆ, ಭಾನುವಾರ ಬರ್ತಾನಂತೆ. "ಅಳಬ್ಯಾಡ ಮಾರಾಯ್ತಿ" ಅಂದ. ಅವನ ದನಿಯೂ ಸರಿ ಇರಲಿಲ್ಲ.

ಬರ್ಫದ ಮೇಲಿನ ಮರಿಗಳು ದಿನಕ್ಕೆ ಎರಡು ಕಿಲೋ ಏರ್ತಾವೆ ಅಂತ ಥೀಸಿಸ್ಸಲ್ಲಿ ಬರೆದವಳು ನಾನು. ಎಷ್ಟು ಸಲೀಸಾಗಿ ಬರೆದಿದ್ದೆ.

ಆಗಸ್ಟ್ 11

ಲ್ಯಾಬಿನ ಶೃತಿಗೆ ಮೆಸೇಜ್ ಹಾಕಿದೆ. ಫ್ರೀಜರಿನಲ್ಲಿ ಆ ತಾಯಿ ಸೀಲ್‌ಗಳ ಲದ್ದಿಯ ಪ್ಯಾಕೆಟ್ ಇದಾವೆ. ಅವುಗಳ ಪಕ್ಕದಲ್ಲೇ ಎತ್ತಿದ್ದು, ಹೆಚ್ಚಿನವು ಹಾಲು ಬಿಡಿಸೋ ಹೊತ್ತಿನವು. ಇನ್ನೂ ತೊಳೆದು ನೋಡಿಲ್ಲ. ಉಪವಾಸ ಇದ್ದಿದ್ರೆ ಅದರಲ್ಲಿ ಏನೂ ಸಿಗಬಾರದು. ತಿಂದಿದ್ರೆ ಮೀನಿನ ಕಿವಿಯೊಳಗಿನ ಕಲ್ಲು ಸಿಗಬೇಕು. ಅದು ಕರಗೋದು ಕಷ್ಟ. ಮೀನು ಯಾವುದು ಅಂತಾನೂ ಹೇಳುತ್ತೆ.

ಅವ್ವ ಕೇಳಿಸಿಕೊಂಡ್ಲು. "ಇಷ್ಟು ಓದಿ, ಹಡಗು ಹತ್ತಿ, ಲದ್ದಿ ತರಾಕ ಹೋಗಿದ್ಯಾ?"

ಎಷ್ಟೋ ದಿನಕ್ಕೆ ಇಬ್ಬರೂ ನಕ್ಕಿದ್ದು.

ಎಡ ಎದೆ ನೋಯ್ತಿದೆ. ಕಲ್ಲಿನ ಹಾಗೆ ಗಟ್ಟಿ.

ಆಗಸ್ಟ್ 13

ಚಳಿ. ಜ್ವರ. ಎದೆ ಕೆಂಪಗಾಗಿದೆ. ಬಿಸಿ ಬಟ್ಟೆ ಇಟ್ರೂ... ದುರುಗೇಶ್ ಕಾರು ತರ್ತಿದಾನೆ. ಹೊಸಪೇಟೆಗೆ.

ಕೂಸನ್ನ ಬಿಟ್ಟು —

ಆಗಸ್ಟ್ 17, ಭಾನುವಾರ. ಹೊಸಪೇಟೆ, ಆಸ್ಪತ್ರೆ

ಇವತ್ತು ಪೆನ್ ಹಿಡಿಯೋಕೆ ಆಯ್ತು. ಕೀವು ಕಟ್ಟಿತ್ತು. ಕೊಯ್ದು ತೆಗೆದಿದ್ದಾರೆ.

ಕೂಸನ್ನ ಕರೆತಂದಿಲ್ಲ. "ವಾರ್ಡಿನಾಗ ಜ್ವರದವ್ರು ತುಂಬ್ಯಾರ, ಎಳೇ ಕೂಸು ಬ್ಯಾಡ್ರಿ" ಅಂದಿದ್ರು ಸಿಸ್ಟರ್. ಅವ್ವನ ಹತ್ತಿರ ಇದೆ. ದಿನಾ ಫೋನಲ್ಲಿ ಕೇಳ್ತೀನಿ. "ಅರಾಮ ಅದಾಳ, ಹಾಲು ಕುಡಿದು ಮಕ್ಕೊಂಡಾಳ" ಅಂತಾಳೆ. ಬಾಟಲಿ ರೂಢಿ ಆಯ್ತೇನೋ. ಸಂತೋಷ ಆಗಬೇಕು. ಆಗ್ತಿಲ್ಲ.

ಸಿಸ್ಟರ್ ಬಂದು ಬಲಗಡೆಯಿಂದ ಹಾಲು ಹಿಂಡಿಸ್ತಾರೆ. "ಬಿಟ್ರ ಬತ್ತಿ ಹೊಕ್ಕತ್ರಿ" ಅಂತಾರೆ. ಬಟ್ಟಲಿನ ತಳ ಒದ್ದೆ ಆಗೋಷ್ಟು. ಚೆಲ್ಲುವಾಗ ಆ ಕಡೆ ಮುಖ ತಿರುಗಿಸಿಕೊಳ್ತೀನಿ.

ಆಗಸ್ಟ್ 18

ದುರುಗೇಶ್ ಬಾಯಿ ಬಿಟ್ಟ. ಕಿತ್ತಳೆ ಸುಲಿದು ಕೊಡ್ತಾ ಕೊಡ್ತಾ, ತಲೆ ಎತ್ತದೆ.

ಬಾಟಲಿ ಅಲ್ಲ. ಸಲ್ಮಾ.

ನಾನು ಆಸ್ಪತ್ರೆಗೆ ಬಂದ ದಿನ ಕೂಸು ಪುಡಿ ಹಾಲೆಲ್ಲ ಕಕ್ಕಿತಂತೆ. ಸಂಜೆ ಹೊತ್ತಿಗೆ ಅಳೋಕೂ ದನಿ ಇರಲಿಲ್ಲವಂತೆ. ಅವ್ವ ಎತ್ತಿಕೊಂಡು ಲಾಲ್ ಬೀ ಮನೆ ಬಾಗಿಲಿಗೆ ಹೋದ್ಲಂತೆ. ಏನು ಕೇಳಬೇಕು ಅಂತ ಬಾಯೇ ಬರಲಿಲ್ಲವಂತೆ. ಸಲ್ಮಾ ತನ್ನ ಮಗನನ್ನ ತಾಯಿ ಕೈಗೆ ಕೊಟ್ಟು, "ಇಲ್ಲಿ ತರ್ರಿ ಜಂಬಕ್ಕವ್ವ" ಅಂತ ಕೈ ಚಾಚಿದ್ಲಂತೆ.

"ನಿಮ್ಮ ಅವ್ವಾರು ಫೋನ್ ಮಾಡಿ ನನ್ನ ಕೇಳಿದ್ರು" ಅಂದ. "ಹೂಂ ಅಂದೆ. ನಿನಗ ಜ್ವರ ಇತ್ತು. ಹೇಳಾಕ ಆಗಲಿಲ್ಲ."

"ಅತ್ತೀಗೆ ಗೊತ್ತೈತಾ?"

ಅವನಿಗೂ ಅದೇ ಭಯ ಇತ್ತಂತೆ. ಕಲ್ಯಾಣಮ್ಮ ಅತ್ತೆ ಮಡಿಯವರು. ನಾನು ಹೊರಗೆ ತಿಂದು ಬಂದ್ರೇ ಮುಖ ಬಿಗಿತಾರೆ. ಫೋನಲ್ಲಿ ಎಲ್ಲಾ ಕೇಳಿಸಿಕೊಂಡ್ರಂತೆ. ಆಮೇಲೆ ಒಂದೇ ಮಾತು —

"ಕೂಸು ಮಲಗ್ತೇನೋ?"

ಆಗಸ್ಟ್ 20, ಬುಧವಾರ. ಕೊಟ್ಟೂರು

ಬಂದೆ. ಚಪ್ಪಲಿ ಬಿಟ್ಟವಳು ನೇರ ಲಾಲ್ ಬೀ ಮನೆಗೆ.

ಕೂಸು ಸಲ್ಮಾಳ ಎದೆ ಮೇಲೆ ನಿದ್ದೆ ಹೋಗಿತ್ತು. ಬಾಯಿ ಅರ್ಧ ತೆರೆದು, ತುಟಿ ಮೂಲೇಲಿ ಹಾಲು. ಹೊಟ್ಟೆ ತುಂಬಿದ ಮುಖ. ನನ್ನ ಹತ್ತಿರ ಆ ಮುಖ ಒಮ್ಮೆಯೂ ಇರಲಿಲ್ಲ.

ಥ್ಯಾಂಕ್ಸ್ ಹೇಳಬೇಕು ಅಂತ ಕಾರಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬರಲಿಲ್ಲ. ಹೊಟ್ಟೆಕಿಚ್ಚು. ಸುಳ್ಳು ಯಾಕೆ ಬರೀಲಿ, ಹೊಟ್ಟೆಕಿಚ್ಚೇ. ಕಿತ್ತುಕೊಂಡು ಓಡಬೇಕು ಅನ್ನಿಸ್ತು.

ಸಲ್ಮಾ ನನ್ನ ಮುಖ ನೋಡಿದ್ಲು. ಗೊತ್ತಾಯ್ತು ಅವಳಿಗೆ. ಕೂಸನ್ನ ಎಬ್ಬಿಸದ ಹಾಗೆ ಮೆಲ್ಲಗೆ ಜರುಗಿಸಿ, "ಕುಂದರು ಅಕ್ಕಾ. ಮಾತಾಡು, ಏನಾರ. ನಿನ್ನ ದನಿ ಕೇಳಲಿ" ಅಂದ್ಲು.

ಏನು ಮಾತಾಡೋದು? ಬಾಯಿಗೆ ಬಂದದ್ದು ಸೀಲ್. ಮರಿ ಬರ್ಫದ ಮೇಲೆ ಒಂದೇ ಇರ್ತತಿ, ತಾಯಿ ತೂತಿನಾಗ ಇಳಿದು ನೀರಿಗೆ ಹೋಗಿರ್ತತಿ. ಸುತ್ತ ಬ್ಯಾರೆ ತಾಯಂದ್ರು, ಬ್ಯಾರೆ ಮರಿಗಳು. ಮ್ಯಾಲೆ ಬಂದು ಒಂದ ಸಲ ಕೂಗತತಿ. ಅಷ್ಟರಾಗಿಂದ ಆ ಒಂದ ಮರಿ ಓಗೊಡ್ತತಿ, ತೆವಳಿಕೊಂತ ಬರ್ತತಿ, ಮೂಗಿಗೆ ಮೂಗು ಹಚ್ಚತತಿ...

ಹೇಳ್ತಿರುವಾಗಲೇ ಕೂಸು ಕಣ್ಣು ಬಿಡ್ತು. ಸಲ್ಮಾಳ ಕಡೆ ಅಲ್ಲ. ಕುತ್ತಿಗೆ ನಿಲ್ಲದಿದ್ರೂ ನನ್ನ ಕಡೆಗೇ ತಿರುಗಿಸೋಕೆ ನೋಡ್ತು.

ಅತ್ತುಬಿಟ್ಟೆ. ಲಾಲ್ ಬೀ ತಮ್ಮ ಸೆರಗಿನಲ್ಲೇ ನನ್ನ ಮುಖ ಒರೆಸಿದ್ರು. "ಹಸಿ ಮೈ, ಅಳಬಾರ್ದು ಬೇಟಿ."

ಹೊರಡುವಾಗ ಸಲ್ಮಾ ಹೇಳಿದ್ಲು — "ನಮ್ಮ ದೀನ-ಧರ್ಮದಾಗ ಹಿಂಗೈತಿ ಅಕ್ಕಾ, ಒಂದ ಎದಿ ಹಾಲು ಕುಡಿದ್ರ ಒಡಹುಟ್ಟಿದಂಗ. ಈಗ ಇವರಿಬ್ರೂ ಅಣ್ಣ-ತಂಗಿ. ಮುಂದ ಇವರಿಬ್ರ ಲಗ್ನದ ಸುದ್ದಿ ಎತ್ತಂಗಿಲ್ಲ ನೋಡು." ನಗ್ತಾನೇ ಹೇಳಿದ್ಲು. ಆದ್ರೆ ತಮಾಷೆಗಲ್ಲ.

ಆಗಸ್ಟ್ 22

ಅವ್ವ ಹೇಳಿದ್ಲು, ಕೇಳದೇನೇ. "ನಿನ್ನ ಕೇಳದ ಮಾಡಿದೆ. ಸಿಟ್ಟು ಬಂದೈತಾ?"

ಇಲ್ಲ ಅಂದೆ. ಬಂದಿತ್ತು, ಹೋಯ್ತು ಅಂದೆ.

"ಕುರಿ ಮರಿ ತಬ್ಬಲಿ ಆದ್ರ ಬ್ಯಾರೆ ಕುರೀಗೆ ಬಿಡ್ತಾನ ನಿಮ್ಮಪ್ಪ. ಅದೂ ಒದಿತತಿ ಮೊದಲಿಗೆ. ಈಕಿ ಒದೀಲಿಲ್ಲ ನೋಡು" ಅಂದು ಕಣ್ಣು ತುಂಬಿಕೊಂಡ್ಲು.

ಸಲ್ಮಾ ದಿನಕ್ಕೆ ಮೂರ್ನಾಲ್ಕು ಸಲ ಬರ್ತಾಳೆ. ಮೊದಲು ನನ್ನ ಹತ್ತಿರ ಹಾಕ್ತೀವಿ, ಉಳಿದದ್ದು ಅವಳು. ಪಕ್ಕದಲ್ಲಿ ಕೂತು ಕೂಸಿನ ಗದ್ದ ಬೆರಳಲ್ಲಿ ಇಳಿಸ್ತಾಳೆ, ಅವಳ ಹೆರಿಗೆಯಲ್ಲಿ ಸಿಸ್ಟರ್ ತೋರಿಸಿಕೊಟ್ಟ ಹಾಗೇ. "ಇನ್ನೂ ಬಾಯಿ ಅಗಲ ಮಾಡು ರಾಣಿ, ಇನ್ನೂ..." ಅವಳ ಮೊದಲನೇ ಮಗಳೂ ಹೀಗೇ ಕಾಡಿದ್ದಳಂತೆ.

ಆಗಸ್ಟ್ 27

ಶೃತಿ ಫೋಟೋ ಕಳಿಸಿದ್ದಾಳೆ!!

ತೊಳೆದ ಲದ್ದಿಯಲ್ಲಿ ಕಿವಿಗಲ್ಲು. ಅಕ್ಕಿ ನುಚ್ಚಿನ ಹಾಗೆ, ಬೆಳ್ಳಗೆ. ಹೆಚ್ಚಿನವು ಸಿಲ್ವರ್‌ಫಿಶ್‌ನವು, ಅಲ್ಲಿನ ಬೆಳ್ಳಿ ಬಣ್ಣದ ಸಣ್ಣ ಮೀನು. ಒಂದೆರಡು ಪ್ಯಾಕೆಟ್ಟಿನಲ್ಲಿ ಸ್ಕ್ವಿಡ್ಡಿನ ಕೊಕ್ಕೂ ಇತ್ತಂತೆ. ಕೆಲವದರಲ್ಲಿ ಏನೂ ಇಲ್ಲ.

ಅಂದ್ರೆ ಎಲ್ಲಾ ತಾಯಂದಿರೂ ಒಂದೇ ಥರ ಅಲ್ಲ. ಕೆಲವು ಉಪವಾಸ ಇದ್ದವು. ಕೆಲವು ಮರಿಯನ್ನ ಮೇಲೆ ಬಿಟ್ಟು, ನೀರಿಗಿಳಿದು, ತಿಂದು ಬಂದವು. ಮೀಸೆಯೊಂದೇ ಇದನ್ನ ಹೇಳ್ತಿರಲಿಲ್ಲ. ರಿವ್ಯೂವರ್ ಕೇಳಿದ್ದು ಸರಿ. ನಾನು ಬರೆದದ್ದೂ ಪೂರ್ತಿ ತಪ್ಪಲ್ಲ. ದೊಡ್ಡ ಮೀನು ಅನ್ನೋದು ಮಾತ್ರ ತೆಗೀಬೇಕು.

ಅವ್ವನಿಗೆ ಹೇಳಿದೆ. "ಅವ್ವಾ, ಆ ಬಾಣಂತಿ ಉಪವಾಸ ಇರಲಿಲ್ಲ. ಮೀನು ತಿಂದಿತ್ತು."

ಅವ್ವ ರೊಟ್ಟಿ ತಟ್ಟೋದು ನಿಲ್ಲಿಸಿದ್ಲು. "ಮೀನು ತಿಂದ್ರೂ ಮರಿಗೆ ಏನೂ ಆಗಲಿಲ್ಲಾ?"

"ಆಗಲಿಲ್ಲ."

ಮಧ್ಯಾಹ್ನ ಅವ್ವ ಗೋಡೆ ಹತ್ತಿರ ನಿಂತು ಲಾಲ್ ಬೀ ಜೊತೆ ಏನೋ ಪಿಸುಪಿಸು. ಊಟಕ್ಕೆ ಕೂತ್ರೆ ತಟ್ಟೆ ಪಕ್ಕ ಒಂದು ಬಟ್ಟಲು ಕಾಲು ಸೂಪು. ಬಿಸಿ ಬಿಸಿ. ಜೊತೆಗೆ ಒಂದು ತಂಬಿಗೆ ತುಂಬಾ ನೀರು.

"ನಿಮ್ಮತ್ತೀಗೆ ಹೇಳಬ್ಯಾಡ" ಅಂದ್ಲು.

ಸೆಪ್ಟೆಂಬರ್ 3

ಹಾಲು ಬರ್ತಿದೆ. ಕೂಸು ನುಂಗೋ ಸದ್ದು ಕೇಳುತ್ತೆ — ಗುಟುಕ್, ಗುಟುಕ್. ಸುಮ್ಮನೆ ಕೇಳ್ತಾ ಕೂತಿರ್ತೀನಿ. ರಿವ್ಯೂವರಿಗೆ ಉತ್ತರ ಇನ್ನೂ ಅರ್ಧ ಟೈಪ್ ಆಗಿದೆ. ಆಗಲಿ.

ಅತ್ತೆ ಬಂದು ಹೋದ್ರು. ಸಲ್ಮಾಳನ್ನ ಕರೆಸಿ ಅಂದ್ರು. ಅವ್ವನ ಮುಖ ಬಿಳಿಚಿತು. ಸಲ್ಮಾ ಬಂದು ಬಾಗಿಲಲ್ಲೇ ನಿಂತ್ಲು. ಅತ್ತೆ ಅವಳನ್ನ ಮೇಲಿಂದ ಕೆಳಗೆ ನೋಡಿ, "ಇಷ್ಟು ಸೊರಗಿದ್ರ ಎರಡು ಕೂಸಿಗೆ ಹೆಂಗ ಸಾಕಾಗಬೇಕವ್ವ?" ಅಂತ ಚೀಲದಿಂದ ಬಾಣಂತಿಯರಿಗೆ ಕೊಡೋ ಅಂಟಿನುಂಡಿ ಡಬ್ಬಿ ತೆಗೆದ್ರು. ಎರಡು ಡಬ್ಬಿ ತಂದಿದ್ರು. ದೊಡ್ಡದು ಅವಳಿಗೆ.

ಸೆಪ್ಟೆಂಬರ್ 8

ತಕ್ಕಡಿ ಮುಳ್ಳು ಏರಿದೆ. ಡಾಕ್ಟರಮ್ಮ ನಕ್ಕರು. ಅವ್ವ ಅಲ್ಲೇ, ಪೇಶಂಟುಗಳ ಎದುರಿಗೇ, ಕೂಸಿನ ದೃಷ್ಟಿ ತೆಗೆದ್ಲು.

ಪೇಪರ್ ಕಳಿಸಿದೆ. ಸರ್ "ಗುಡ್" ಅಂತ ಒಂದೇ ಪದ.

ಸೆಪ್ಟೆಂಬರ್ 14, ಭಾನುವಾರ

ಸಲ್ಮಾ ಹೋದ್ಲು. ಗಂಡ ಇಸ್ರಾರ ಹರಪನಹಳ್ಳಿಯಿಂದ ಗೆಳೆಯನ ಓಮ್ನಿ ತಂದಿದ್ದ. ಅವನಿಗೆ ಗ್ಯಾರೇಜು, ಭಾನುವಾರ ಮಾತ್ರ ಬಿಡುವು.

ಬೆಳಿಗ್ಗೆ ಚೀಲ ಕಟ್ಟಿ ಆದಮೇಲೆ ಬಂದ್ಲು, ಮಗನನ್ನ ಎತ್ತಿಕೊಂಡು. ಕೂತ್ಲು. ಏನೋ ಹೇಳಬೇಕು ಅನ್ನೋ ಹಾಗೆ ಬಳೆ ತಿರುಗಿಸ್ತಾ ಇದ್ಲು.

"ಈಗ ನಿಂದ ಸಾಕಾಗ್ತತಿ ಅಂತ ಗೊತ್ತೈತಿ ಅಕ್ಕಾ. ಆದ್ರೂ... ಒಂದ ಸಲ ಕೊಡ್ಲಾ?"

ಕೂಸನ್ನ ಅವಳ ಮಡಿಲಿಗೆ ಹಾಕಿದೆ. ಈ ಸಲ ಕೈ ಹಿಂದೆ ಎಳೀಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡ್ಲು. ಕೂಸು ಅವಳ ದುಪಟ್ಟಾದ ಅಂಚು ಮುಷ್ಟಿಯಲ್ಲಿ ಹಿಡಿದು ಕುಡೀತಾ ಇತ್ತು.

ಚಾಪೆ ಮೇಲೆ ಮಲಗಿಸಿದ್ದ ಅವಳ ಮಗ ಎಚ್ಚರಾಗಿ ಅಳೋಕೆ ಶುರು ಮಾಡಿದ. ತಟ್ಟಿದೆ. ನಿಲ್ಲಲಿಲ್ಲ. ಎತ್ತಿಕೊಂಡೆ. ನನ್ನ ಎದೆ ಹುಡುಕ್ತಾ ಇದ್ದ. ಸಲ್ಮಾಳ ಕಡೆ ನೋಡಿದೆ. ಅವಳು ಹೂಂ ಅಂತ ತಲೆ ಆಡಿಸಿದ್ಲು.

ಅವನದು ಬೇರೆ ಥರ. ಗಟ್ಟಿ ಬಾಯಿ, ಅವಸರ. ಕಣ್ಣು ಪೂರ್ತಿ ಬಿಟ್ಟು ನನ್ನ ಮುಖಾನೇ ನೋಡ್ತಿದ್ದ. ನಾವಿಬ್ಬರೂ ಗೋಡೆಗೆ ಒರಗಿ ಪಕ್ಕ ಪಕ್ಕ ಕೂತಿದ್ವಿ, ಭುಜಕ್ಕೆ ಭುಜ ತಾಗಿಸಿ.

ಹೊರಗೆ ಇಸ್ರಾರ ಹಾರ್ನ್ ಹೊಡೆದ. ಮತ್ತೆ ಹೊಡೆದ. ಇಬ್ಬರೂ ಏಳಲಿಲ್ಲ.

ಅವ್ವ ಬಾಗಿಲಿಗೆ ಹೋಗಿ ಅವನಿಗೆ ಹೇಳಿದ್ಲು —

"ಸ್ವಲ್ಪ ತಡಿಯಪ್ಪಾ. ಮಕ್ಕಳು ಉಣ್ಣಾಕತ್ತಾವ."