ಒಂಬತ್ತನೆಯ ನಿಯಮ

ಇಲೋಯಿಲೋ
೧೪ ಆಗಸ್ಟ್ ೧೯೯೬

ರಿಯಾದ್ ಆಸ್ಪತ್ರೆಯ ಸಮಸ್ತ ಸೂಜಿಗಳ ಒಡತಿ, ಸಕಲ ಜ್ವರಗಳ ಗರ್ವಭಂಗಿನಿ, ಸೋಪು ಚಾಕೊಲೇಟುಗಳನ್ನು ಪೆಟ್ಟಿಗೆಗಟ್ಟಲೆ ಕರುಣಿಸುವ ಅಕ್ಕ ಹೊವೀತಾ ಮಹಾರಾಣಿಯವರ ಪಾದಾರವಿಂದಗಳಿಗೆ ತಮ್ಮ ಎಲ್ಮೆರನ ಅಡ್ಡಬಿದ್ದ ನಮಸ್ಕಾರಗಳು.

ತಡವಾಯಿತು, ಕ್ಷಮಿಸು. ಮೂರು ಸಲ ಬರೆಯಲು ಕೂತು ಮೂರು ಸಲವೂ ಎದ್ದುಬಿಟ್ಟೆ. "ಅವಳಿಗೇನಾದ್ರೂ ಬರೆದ್ಯೋ, ಕೈ ಮುರೀತೀನಿ" ಎಂದು ಅಮ್ಮನ ಆಜ್ಞೆಯೂ ಇತ್ತು.

ಹನ್ನೆರಡು ವರ್ಷ ಇನ್ನೊಬ್ಬರ ಕೈಕೆಳಗೆ ವಿಮೆ ಮಾರಿದ ಅಮ್ಮ ಸ್ವಂತ ಏಜೆನ್ಸಿ ತೆರೆಯಲು ಹೊರಟದ್ದು ನಿನಗೆ ಗೊತ್ತು. ಲೈಸೆನ್ಸಿಗೆ ಏನೇನು ಬೇಕೆಂಬ ಪಟ್ಟಿ ಬಂತು. ಪರೀಕ್ಷೆ ಪಾಸಾಗಬೇಕು (ಅಮ್ಮನೇ ಮೊದಲು!), ಪೊಲೀಸರ ಕಾಗದ, ತೆರಿಗೆ ರಸೀದಿ, ಜಾಮೀನು ಪತ್ರ, ಎರಡೂ ಕಿವಿ ಕಾಣುವ ಫೋಟೊ, ಎಲ್ಲಕ್ಕೂ ಮೂರು ಜೆರಾಕ್ಸ್, ನೋಟರಿ ಮುದ್ರೆ, ಉದ್ದನೆಯ ಕಂದು ಲಕೋಟೆ. ಕೊನೆಗೆ ಒಂಬತ್ತನೆಯದು: "ಗ್ರಾಹಕರು ಮಹಡಿಗಳಲ್ಲೂ ವಾಸಿಸುವುದರಿಂದ, ಅರ್ಜಿದಾರರು ನಿಲ್ಲದೆ ಮೂರು ಮಹಡಿ ಹತ್ತಬಲ್ಲರೆಂದು ಹೃದಯ ವೈದ್ಯರ ದೃಢೀಕರಣ."

"ಅಮ್ಮಾ, ಇದೊಂದು ಬಿಟ್ಬಿಡು, ಯಾರೂ ಕೇಳಲ್ಲ" ಅಂದೆ.

"ಪಟ್ಟೀಲಿರೋದನ್ನ ಬಿಡು ಅನ್ನೋಕೆ ನೀನ್ಯಾರೋ? ಒಂದು ಕಾಗದ ಕಮ್ಮಿಯಾದ್ರೆ ಮತ್ತೆ ಮೊದಲಿಂದ ಸಾಲಲ್ಲಿ ನಿಲ್ಲಿಸ್ತಾರೆ."

ಹೃದಯದ ಡಾಕ್ಟರು ಅವಳನ್ನು ಟ್ರೆಡ್‌ಮಿಲ್ ಯಂತ್ರದ ಮೇಲೆ ಹತ್ತಿಸಿದರು. ಗಾಜಿನಾಚೆ ನಿಂತು ನಾನು ನಗುತ್ತಿದ್ದೆ. ಒಂದು ನಿಮಿಷವೂ ಆಗಿರಲಿಲ್ಲ, ಡಾಕ್ಟರು ಹಾರಿ ಯಂತ್ರ ನಿಲ್ಲಿಸಿದರು.

"ತಾಯಿ, ನೀವು ಇಲ್ಲೀವರೆಗೆ ಹೇಗೆ ಬಂದ್ರಿ?"

"ಜೀಪ್ನಿ ಬಸ್ಸಲ್ಲಿ ಬಂದೆ ಡಾಕ್ಟ್ರೇ. ಸರ್ಟಿಫಿಕೇಟಿಗೆ ನೋಟರಿ ಎಲ್ಲಿ ಹಾಕ್ತಾರೆ?"

ಹೃದಯದ ಮೂರು ರಕ್ತನಾಳ ಕಟ್ಟಿವೆಯಂತೆ ಅಕ್ಕ. ಮೂರು! ನಗು ಬಾಯಲ್ಲೇ ಇತ್ತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಇಪ್ಪತ್ತಾರಕ್ಕೆ ಆಪರೇಷನ್.

ಊರಿಗೆಲ್ಲ ವಿಮೆ ಮಾಡಿಸಿದವಳು ತನಗೊಂದು ಮಾಡಿಸಿಕೊಂಡಿರಲಿಲ್ಲ. ಸ್ವಂತ ಅಂಗಡಿಯ ಬೋಣಿಗೆ ತನ್ನದೇ ಪಾಲಿಸಿ, ಅದರಲ್ಲಿ ನಿನ್ನ ನನ್ನ ಹೆಸರು ಎಂದು ಕಾದಿರಿಸಿದ್ದಳು. ಡಾಕ್ಟರ ವರದಿ ನೋಡಿದ ಕಂಪನಿ ಆಗದು ಎಂದು ಬರೆಯಿತು. ಅಮ್ಮ ಎರಡು ಸಲ ಓದಿ, "ಸರಿಯಾಗೇ ಬರೆದಿದಾರೆ. ಅವರ ಜಾಗದಲ್ಲಿ ನಾನಿದ್ರೂ ಇದನ್ನೇ ಬರೀತಿದ್ದೆ" ಅಂದಳು. ಆಮೇಲೆ ಲೈಸೆನ್ಸ್ ಕಚೇರಿಯ ಗುಮಾಸ್ತನಿಗೆಂದು ಅಕ್ಕಿ ಕೇಕು ಬೇಯಿಸತೊಡಗಿದಳು: "ಆ ಒಂಬತ್ತನೇದು ಹಾಕಿದ ಪುಣ್ಯಾತ್ಮರು, ಎಷ್ಟು ಮುಂದಾಲೋಚನೆ ನೋಡು!"

ರಜೆ ಹಾಕಿ ಬಾ. ದೇವಮಾತೆ ನಿನ್ನ ದಾರಿ ಕಾಯಲಿ.

ನಿನ್ನ ಅಡಿಯಾಳು,
ಎಲ್ಮೆರ್

ತಾ.ಕ.: ಕಚೇರಿಯ ಪಟ್ಟಿ ಎಂಟಕ್ಕೇ ಮುಗಿದಿತ್ತು. ಒಂಬತ್ತನೆಯದನ್ನು ಟೈಪ್ ಮಾಡಿದವನು ನಾನು; ಬಿಡು ಅಂದಷ್ಟೂ ಅವಳು ಬಿಡುವವಳಲ್ಲವೆಂದೂ ಗೊತ್ತಿತ್ತು. ಹೊಗಳಬೇಡ. ಮೆಟ್ಟಿಲು ಹತ್ತುವಾಗ ಅಮ್ಮ ಬಿಡುವ ಏದುಸಿರನ್ನು ಒಂದು ವರ್ಷದಿಂದ ಅಣಕಿಸಿ ಓಣಿಯವರನ್ನು ನಗಿಸುತ್ತಿದ್ದೆ. ಡಾಕ್ಟರೂ ನಗಲಿ ಎಂದುಕೊಂಡೆ.