ಹುಲ್ಲುಗೊಂಬೆಯ ಹುದ್ದೆ

ಜೂನ್ ೧೪, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ದರ್ಜಿ ಮಹಾಶಯರಿಗೆ,

ನಿಮ್ಮ ಅರ್ಧಾಂಗಿಯ ಪೂರ್ತಿ ನಮಸ್ಕಾರಗಳು. ಪತ್ರ ತಡವಾಯಿತು, ಹೊಟ್ಟೆಗೆ ಹಾಕಿಕೊಳ್ಳಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ದಾರ ಪೋಣಿಸುವಷ್ಟರಲ್ಲಿ ನೀವು ಹೊಲಿದು ಮುಗಿಸಿ ಇಸ್ತ್ರಿಯನ್ನೂ ಹಾಕಿರುತ್ತೀರಿ. ಕಾಗದವಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಇದನ್ನು ಎರಡು ಸಲ ಓದಿಕೊಂಡು ಮುಂದಕ್ಕೆ ಹೋಗಿ.

"ನಿನ್ನ ಸರ್ಟಿಫಿಕೇಟು ಒಂದು ನೆಲೆಗೆ ಬರೋವರೆಗೂ ಗುಂಡೀನ ನನ್ನ ಹತ್ರ ಕಳಿಸು" ಎಂದು ಬರೆದಿದ್ದೀರಿ. ಹೆತ್ತ ಮಗಳಿಗೆ ಅಂಗಿಯ ಗುಂಡಿಯ ಹೆಸರನ್ನೇ ಇಟ್ಟು ಕರೆಯುವ ತಂದೆಗೆ ಅವಳನ್ನು ಕೇಳುವ ಹಕ್ಕು ಇದ್ದೇ ಇದೆ. ಆದರೆ ಬಸ್ ನಿಲ್ದಾಣದಲ್ಲಿ ನಿಮ್ಮೊಡನೆ ಜಗಳವಾಡಿ, "ಅವಳು ನನ್ನ ಜೊತೆ ಇದ್ರೆ ಅವಳಿಗೆ ಏನೂ ಆಗಲ್ಲ, ನಾನು ಯಾರು ಗೊತ್ತಲ್ಲ" ಎಂದು ಎದೆ ತಟ್ಟಿ ಕರೆತಂದವಳು ನಾನು. ಹಾಗಾಗಿ ಆ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ನನ್ನ ಹುದ್ದೆಯ ವೈಭವ ಕೇಳಿ.

ನಿಮಗೆ ಗೊತ್ತಿರುವಂತೆ, ಅಲ್ಲಿ ನಮ್ಮೂರ ಅಗ್ನಿಶಾಮಕ ಠಾಣೆಯಲ್ಲಿ ನಾನು ಹೊಗೆಯೊಳಗೆ ನುಗ್ಗಿ ಜನರನ್ನು ಹೊತ್ತು ತರುತ್ತಿದ್ದೆ, ಆಂಬುಲೆನ್ಸಿನಲ್ಲಿ ಕೂತು ಅವರಿಗೆ ಉಸಿರು ಕೊಡುತ್ತಿದ್ದೆ. ಏನು ಮಾಡಿದರೂ ನೌಕರಿ ಮಾತ್ರ ಹಂಗಾಮಿ. ಇಲ್ಲಿ ಕಾಯಂ ಎಂದರು, ಬಂದೆ. ರಾಜ್ಯದ ಗಡಿ ದಾಟಿದ ಕೂಡಲೇ ನನ್ನ ಕೈಗಳು ಅನಕ್ಷರಸ್ಥವಾದವು. ಬೆಂಕಿ ಎರಡೂ ಕಡೆ ಒಂದೇ ರೀತಿ ಸುಡುತ್ತದೆ, ಮೂಳೆ ಎರಡೂ ಕಡೆ ಒಂದೇ ರೀತಿ ಮುರಿಯುತ್ತದೆ. ಸರ್ಟಿಫಿಕೇಟು ಮಾತ್ರ ಗಡಿಯಾಚೆ ನಡೆಯುವುದಿಲ್ಲ. ಇಲ್ಲಿನ ಮಂಡಳಿ ಅದಕ್ಕೆ ಒಪ್ಪಿಗೆಯ ಮೊಹರು ಒತ್ತುವವರೆಗೆ ನಾನು ಕೆಂಪು ಗಾಡಿ ಹತ್ತಬಾರದು, ರೋಗಿಯನ್ನು ಮುಟ್ಟಬಾರದು. ಬಿಟ್ಟು ಬರೋಣವೆಂದರೆ ಬಾಂಡಿಗೆ ಸಹಿ ಹಾಕಿಯಾಗಿದೆ. ಹಳೆಯ ಠಾಣೆಗೆ ಮರಳೋಣವೆಂದರೆ ನನ್ನ ಹೆಲ್ಮೆಟ್ಟು ಆಗಲೇ ಇನ್ನೊಬ್ಬರ ತಲೆಯ ಮೇಲಿದೆ. ಒಟ್ಟಿನಲ್ಲಿ ಬಾಗಿಲು ಎರಡಿವೆ, ಎರಡಕ್ಕೂ ಹೊರಗಿನಿಂದ ಚಿಲಕ.

ಹಾಗೆಂದು ಸರ್ಕಾರ ನನ್ನನ್ನು ಸುಮ್ಮನೆ ಕೂರಿಸಲಿಲ್ಲ. ನಾನು ಬಂದ ವಾರವೇ ಠಾಣೆಯಲ್ಲಿ ಒಂದು ಹುದ್ದೆ ತೆರವಾಯಿತು. ಕವಾಯತಿನಲ್ಲಿ ಎತ್ತಿ ಇಳಿಸಲು ಇಟ್ಟಿದ್ದ ಹುಲ್ಲಿನ ಗೊಂಬೆಯನ್ನು ಇಲಿಗಳು ತಿಂದು ತೇಗಿದ್ದವು. ಸಾಹೇಬರು ಗೊಂಬೆಯ ಶವವನ್ನು ನೋಡಿದರು, ನನ್ನನ್ನು ನೋಡಿದರು.

"ಅಮ್ಮಾ, ನಿಮ್ಮ ತೂಕ ಎಷ್ಟು?" ಎಂದರು.

ಅಂದಿನಿಂದ ನಾನೇ ಗೊಂಬೆ. ಬೆಳಗಾದರೆ ಕವಾಯತು ಗೋಪುರದ ಮೂರನೇ ಮಹಡಿಯಲ್ಲಿ ಅಂಗಾತ ಮಲಗುತ್ತೇನೆ. ತಂಡದವರು ಏದುಸಿರು ಬಿಡುತ್ತಾ ಬಂದು ನನ್ನನ್ನು ಸ್ಟ್ರೆಚರಿಗೆ ಬಿಗಿಯುತ್ತಾರೆ. ಹಣೆಗೊಂದು ಪಟ್ಟಿ, ಎದೆಗೊಂದು, ಸೊಂಟಕ್ಕೊಂದು, ಮಂಡಿಗೊಂದು. ಆಮೇಲೆ ಕಿಟಕಿಯಿಂದ ಹೊರಕ್ಕೆ ತಳ್ಳಿ ಹಗ್ಗದಲ್ಲಿ ಇಳಿಬಿಡುತ್ತಾರೆ. ತಂಡದ ಮುಖ್ಯಸ್ಥನಿಗೆ ಮೀಸೆ ಎಂದು ಹೆಸರು. ಮನುಷ್ಯ ತಿರುವಿಗೆ ಬರುವ ಮೊದಲೇ ಮೀಸೆ ತಿರುವಿನಲ್ಲಿ ಕಾಣಿಸುತ್ತದೆ. ಮೊದಲ ದಿನ ಅವನು ಹಗ್ಗವನ್ನು ಕಿಟಕಿಯ ಅಂಚಿಗೆ ಉಜ್ಜುವಂತೆ ಬಿಟ್ಟಾಗ ಎಚ್ಚರಿಸಲು ಬಾಯಿ ತೆರೆದೆ. ಕೆಳಗಿನಿಂದ ಸಾಹೇಬರು ಕೂಗಿದರು:

"ಪ್ರಜ್ಞೆ ತಪ್ಪಿದವರು ಸಲಹೆ ಕೊಡ್ತಾರೇನಮ್ಮಾ? ನರಳಿ ಬೇಕಾದ್ರೆ. ಕಿರುಚಿ. ಮಾತು ಬೇಡ."

ಆದ್ದರಿಂದ ಕಿರುಚುವುದನ್ನು ಕಲಿತೆ. ಮಾಡುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬೇಕು ಎಂದು ಅತ್ತೆ ಹೇಳುತ್ತಿರುತ್ತಾರಲ್ಲ. ಈಗ ನನ್ನ ಕಿರುಚಾಟಕ್ಕೆ ಠಾಣೆಯಲ್ಲಿ ಒಳ್ಳೆಯ ಹೆಸರಿದೆ. "ಅಕ್ಕಾ, ಇವತ್ತು ಕೇಳಿ ಮೈಯೆಲ್ಲಾ ಜುಮ್ಮೆಂತು" ಎಂದು ಮೀಸೆ ಮೆಚ್ಚುತ್ತಾನೆ. ಅಡುಗೆಯವಳು ಆ ಸದ್ದು ಕೇಳಿ ಅನ್ನಕ್ಕೆ ನೀರಿಡುತ್ತಾಳೆ. ಗಡಿಯಾರ ನೋಡುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿದೆ.

ಮನೆ ಎಂದರೆ ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ, ರಸ್ತೆಯ ಕಡೆಗೆ ಒಂದು ಕಿಟಕಿ. ಕೆಳಗೆ ಹಾಸಿಗೆ ಅಂಗಡಿ. ಹತ್ತಿಯ ಧೂಳಿಗೆ ಗುಂಡಿ ಸೀನುತ್ತಲೇ ಇರುತ್ತಾಳೆ. ಪಕ್ಕದ ಕೋಣೆಯಲ್ಲೇ ಮನೆಯ ಯಜಮಾನಿ. ನಾನು ಕೆಲಸಕ್ಕೆ ಹೋದಾಗ ಅವರೇ ಇವಳನ್ನು ನೋಡಿಕೊಳ್ಳುತ್ತಾರೆ, ಅಂದರೆ ಇವಳ ಬಾಯಿಗೆ ಕಿವಿಯಾಗುತ್ತಾರೆ. ಇವಳ ಭಾಷಣ ಒಂದೇ: "ನಮ್ಮಮ್ಮ ಕೆಂಪು ಗಾಡೀಲಿ ಎಲ್ಲಾರಿಗಿಂತ ಮುಂದೆ ಕೂತ್ಕೋತಾಳೆ."

ಗೊಂಬೆಯ ವಿಷಯ ಅವಳಿಗೆ ಹೇಳಿಲ್ಲ, ರೀ. ಒಂದು ಸಂಜೆ ಹಣೆಯ ಮೇಲಿನ ಪಟ್ಟಿಯ ಗುರುತು ನೋಡಿ, "ಇದೇನಮ್ಮಾ?" ಎಂದಳು. "ಹೆಲ್ಮೆಟ್ಟಿನದು" ಎಂದೆ. ಅವಳು ಆ ಗುರುತಿಗೆ ಮುತ್ತು ಕೊಟ್ಟಳು. ಅದಾದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಕೆಲಸದ ತೀಟೆ ತೀರಿಸಿಕೊಳ್ಳಲು ಮನೆಯಲ್ಲೇ ಅವಳಿಗೆ ಕವಾಯತು ಮಾಡಿಸುತ್ತೇನೆ. ಹೊಗೆ ಬಂದರೆ ಮಂಚದ ಕೆಳಗೆ ಅಡಗಬಾರದು, ರಸ್ತೆಯ ಕಡೆಯ ಕಿಟಕಿಯ ಹತ್ತಿರ ನಿಂತು ಕೈ ಬೀಸಬೇಕು. "ಆಮೇಲೆ?" ಎಂದು ಕೇಳುತ್ತೇನೆ. "ಆಮೇಲೆ ಅಮ್ಮ ಬರ್ತಾಳೆ!" ಎಂದು ಕೂಗುತ್ತಾಳೆ. ಹತ್ತಕ್ಕೆ ಹತ್ತು ಅಂಕ ಕೊಡುತ್ತೇನೆ.

ಇನ್ನು ಹೋದ ಮಂಗಳವಾರದ ಪ್ರಹಸನ. ಎಂದಿನಂತೆ ನನ್ನನ್ನು ಬಿಗಿದು ಹೊರಗೆ ತಳ್ಳಿದರು. ಅರ್ಧ ದಾರಿಯಲ್ಲಿ ಹಗ್ಗ ರಾಟೆಯೊಳಗೆ ಸಿಕ್ಕಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಒಣಗಹಾಕಿದ ಪಂಚೆಯ ಹಾಗೆ ತೂಗಾಡತೊಡಗಿದೆ. ಅದೇ ಹೊತ್ತಿಗೆ ನಿಜವಾದ ಗಂಟೆ ಹೊಡೆಯಿತು. ಮೈಕಿನಲ್ಲಿ ವಿಳಾಸ ಕೂಗಿದರು. ಗಂಟೆ ಹೊಡೆದ ಮೇಲೆ ಯಾರೂ ನಿಲ್ಲುವಂತಿಲ್ಲ, ಅದು ನಿಯಮ, ನಾನಿದ್ದರೂ ನಿಲ್ಲುತ್ತಿರಲಿಲ್ಲ. ಮೀಸೆ ಹಗ್ಗವನ್ನು ಕಂಬಕ್ಕೆ ಸುತ್ತಿ, "ಅಕ್ಕಾ, ಎಲ್ಲೂ ಹೋಗ್ಬೇಡಿ, ಬಂದ್ಬಿಟ್ಟೆ!" ಎಂದು ಓಡಿದ. ಎಲ್ಲಿಗೆ ಹೋಗಲಿ, ಮಹಾರಾಯ! ನಾನು ಕಿರುಚಿದೆ. ಅವನು ಗಾಡಿ ಹತ್ತುತ್ತಾ ತಿರುಗಿ, ಹೆಬ್ಬೆಟ್ಟು ಎತ್ತಿ, "ಇವತ್ತಂತೂ ಫಸ್ಟ್ ಕ್ಲಾಸ್, ಅಕ್ಕಾ!" ಎಂದ. ಸೈರನ್ ಶುರುವಾಯಿತು. ಗಾಡಿ ಹೋಯಿತು.

ಉಳಿದವಳು ಅಡುಗೆಯವಳೊಬ್ಬಳೇ. ಸೌಟು ಹಿಡಿದು ಗೋಪುರದ ಬುಡಕ್ಕೆ ಬಂದು ಕತ್ತೆತ್ತಿ ನೋಡಿದಳು.

"ಎಲ್ರೂ ಹೋದ್ರು ಕಣಮ್ಮಾ. ಇನ್ನು ಯಾರಿಗೋಸ್ಕರ ಕಿರುಚ್ತೀರಿ? ಗಂಟಲಿಗೆ ಸ್ವಲ್ಪ ರಜಾ ಕೊಡಿ" ಎಂದಳು.

ಗಾಡಿ ಮರಳುವವರೆಗೂ ನೇತಾಡಿದೆ. ತಲೆ ಹೊರಳಿಸಲು ಹಣೆಯ ಪಟ್ಟಿ ಬಿಡಲಿಲ್ಲ, ಆಕಾಶವಷ್ಟೇ ಕಾಣುತ್ತಿತ್ತು. ಠಾಣೆಯವರೆಲ್ಲ ಈಗ ಇದನ್ನು ಹೇಳಿಕೊಂಡು ನಗುತ್ತಾರೆ. ಸಾಹೇಬರು ಮಾತ್ರ ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಾರೆ. ಹೊಸ ಗೊಂಬೆಗೆ ಬರೆದು ಹಾಕಿದ್ದಾರಂತೆ.

ಕಾಗದ ಮುಗಿಯುತ್ತಾ ಬಂತು. ಅತ್ತೆಗೆ ನನ್ನ ನಮಸ್ಕಾರ ತಿಳಿಸಿ, ಅವರ ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ. ನಿಮ್ಮ ಸೂಜಿ ಮುರಿಯದಿರಲಿ, ದಾರ ಸಿಕ್ಕಾಗದಿರಲಿ, ಅಳತೆ ಕೊಟ್ಟವರೆಲ್ಲ ಬಟ್ಟೆ ಒಯ್ಯುವವರೆಗೆ ದಪ್ಪಗಾಗದಿರಲಿ.

ಇತಿ ನಿಮ್ಮ,
ಎಲ್ಲೂ ಹೋಗದೆ ಇರುವ
ಹುಲ್ಲುಗೊಂಬೆ

ಮರೆತ ಮಾತು. ಮರೆತಿರಲಿಲ್ಲ, ರೀ.

ಅವತ್ತು ಮೈಕಿನಲ್ಲಿ ಕೂಗಿದ್ದು ನಮ್ಮ ವಿಳಾಸ. ಹಾಸಿಗೆ ಅಂಗಡಿ, ಮೇಲ್ಮಹಡಿಯಲ್ಲಿ ಜನ ಇದ್ದಾರೆ ಎಂದರು. ನಾನು ಕಿರುಚಿದ್ದು ಗುಂಡಿಯ ಹೆಸರನ್ನು. ಗಂಟೆಯ ಗದ್ದಲದಲ್ಲಿ ಯಾರಿಗೂ ಹೆಸರು ಕೇಳಿಸಲಿಲ್ಲ, ಕಿರುಚಾಟವಷ್ಟೇ ಕೇಳಿಸಿತು. ಅಡುಗೆಯವಳಿಗೆ ಬಿಡಿಸಿ ಹೇಳಿದೆ. ಅವಳು ಸೌಟು ಎಸೆದು ಹಗ್ಗಕ್ಕೆ ಜೋತುಬಿದ್ದಳು. ಅಂಗೈ ಸುಲಿಯಿತು, ಹಗ್ಗ ಜಗ್ಗಲಿಲ್ಲ.

ಹತ್ತಿಯ ಹೊಗೆ ಮೆಟ್ಟಿಲಿಗೆ ಬಂದಾಗ ಯಜಮಾನಿ ಇವಳ ಕೈ ಹಿಡಿದು ಕೆಳಗಿಳಿಸುತ್ತಿದ್ದರಂತೆ. ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ರಸ್ತೆ. ಇವಳು ಕೈ ಕಿತ್ತುಕೊಂಡು ಮೇಲಕ್ಕೆ ಓಡಿದಳು. ಕಿಟಕಿಗೆ. ನಾನು ಹೇಳಿಕೊಟ್ಟಿದ್ದೆನಲ್ಲ. ಮೀಸೆ ಮೇಲೆ ಹೋದಾಗ ಕಂಬಿ ಹಿಡಿದು ಕೆಮ್ಮುತ್ತಾ, "ನೀವು ಬೇಡ, ನಮ್ಮಮ್ಮ ಬರ್ತಾಳೆ" ಎಂದು ಹಟ ಮಾಡಿದಳಂತೆ. ಒಂದೊಂದೇ ಬೆರಳು ಬಿಡಿಸಿ ಎತ್ತಿಕೊಂಡು ಬಂದಿದ್ದಾನೆ. ಒಂದು ಗೀರೂ ಆಗಿಲ್ಲ. ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ಕಳಿಸಿದರು. ಕೆಮ್ಮು ಇಳಿದಿದೆ.

ಯಾಕೆ ಬರಲಿಲ್ಲ ಎಂದು ಅವಳು ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೀಸೆ ಏನೋ ಸಮಾಧಾನ ಹೇಳಿದ್ದಾನೆ. ಆಸ್ಪತ್ರೆಯ ಮಂಚದ ಮೇಲೆ ನನ್ನ ಕೆನ್ನೆ ಸವರುತ್ತಾ ಕೇಳಿದಳು: "ಮೀಸೆ ಮಾಮ ಹೇಳಿದ್ರು, ನೀನು ಬೇರೆ ಯಾರನ್ನೋ ಕಾಪಾಡೋಕೆ ಹೋಗಿದ್ದೆ ಅಂತ. ಅವ್ರು ಬದುಕಿದ್ರಾ ಅಮ್ಮಾ?"

ಹೂಂ ಎಂದೆ.

ಬನ್ನಿ, ಬಂದು ಅವಳನ್ನು ಕರೆದುಕೊಂಡು ಹೋಗಿ. ಮಲಗಿದಾಗಲೂ ಈಗ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿರುತ್ತಾಳೆ. ಹೊರಡುವಾಗ ಒಂದೊಂದೇ ಬೆರಳು ಬಿಡಿಸಬೇಕಾಗುತ್ತದೆ. ಅದನ್ನು ನೀವೇ ಮಾಡಿ. ಈ ರಾಜ್ಯದಲ್ಲಿ ನನಗೆ ಆ ಕೆಲಸಕ್ಕೆ ಅನುಮತಿ ಇಲ್ಲ.